ಏಟು ತಿಂದ ಮೇಲೆ ರಾಜಿಗೆ ಸಹಿ ಹಾಕಬೇಕೇ? ತುರ್ತು ವಿಭಾಗದ ಶುಶ್ರೂಷಕಿಯ ಪ್ರಶ್ನೆ

ರಾತ್ರಿಪಾಳಿ (ಚರ್ಚೆ ಆರಂಭಿಸಿದವರು)

ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಕಿ. ಹನ್ನೊಂದು ವರ್ಷಗಳ ಸೇವೆಯಲ್ಲಿ ಆರು ವರ್ಷ ತುರ್ತು ಚಿಕಿತ್ಸಾ ವಿಭಾಗದಲ್ಲೇ ಕಳೆದಿವೆ. ಊರಿನ ಹೆಸರು, ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಬೇಕೋ ಬೇಡವೋ ಎಂದು ಶನಿವಾರದೊಳಗೆ ನಾನು ತೀರ್ಮಾನಿಸಬೇಕು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕಳೆದ ವಾರ ಪುಷ್ಯ ಮಳೆ ಒಂದೇ ಸಮನೆ ಹೊಡೆಯುತ್ತಿದ್ದ ರಾತ್ರಿ. ಹನ್ನೊಂದೂವರೆ ದಾಟಿತ್ತು. ಗದ್ದೆಯ ಅಂಚಿನಲ್ಲಿ ಹಾವು ಕಚ್ಚಿದ, ಮೂವತ್ತರ ಆಸುಪಾಸಿನ ಒಬ್ಬರನ್ನು ಜೀಪಿನಲ್ಲಿ ಕರೆತಂದರು. ಹಾವು ಯಾವುದೆಂದು ಯಾರೂ ನೋಡಿರಲಿಲ್ಲ. ಹಲ್ಲಿನ ಗುರುತು ಸ್ಪಷ್ಟವಿರಲಿಲ್ಲ, ಊತ ಸ್ವಲ್ಪವೇ ಇತ್ತು, ಕಣ್ಣಿನ ರೆಪ್ಪೆ ಜೋತಿರಲಿಲ್ಲ, ಉಸಿರಾಟ ಸರಿಯಾಗಿತ್ತು. ಇಂಥವರಿಗೆ ಮಾಡುವ ಪರೀಕ್ಷೆ ತೀರಾ ಸರಳವಾದದ್ದು. ಎರಡು ಮಿಲಿಲೀಟರ್ ರಕ್ತ ತೆಗೆದು ಒಣಗಿದ, ಹೊಸ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂದು ಅರ್ಥ. ಆಗ ಪ್ರತಿವಿಷ ಕೊಡಲೇಬೇಕು. ಲಕ್ಷಣವೂ ಇಲ್ಲದೆ, ಪರೀಕ್ಷೆಯೂ ಇಲ್ಲದೆ ಗುಮಾನಿಯ ಮೇಲೆ ಕೊಡುವ ಔಷಧ ಅದಲ್ಲ. ಕುದುರೆಯ ರಕ್ತಸಾರದಿಂದ ತಯಾರಾಗುವ ಆ ಔಷಧ ಕೆಲವರ ಮೈಗೆ ಒಗ್ಗದೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರುವುದುಂಟು.

ನಳಿಕೆಯನ್ನು ಮೇಜಿನ ಮೇಲೆ ನಿಲ್ಲಿಸಿ ನಾನು ಪಕ್ಕದಲ್ಲೇ ಕುಳಿತಿದ್ದೆ. ಡ್ಯೂಟಿ ಡಾಕ್ಟರ್ ಒಬ್ಬರೇ. ಅವರು ಆಚೆ ಕೋಣೆಯಲ್ಲಿ ಬೈಕಿನಿಂದ ಬಿದ್ದ ಹುಡುಗನ ತಲೆಗೆ ಹೊಲಿಗೆ ಹಾಕುತ್ತಿದ್ದರು. ಹದಿನಾಲ್ಕನೆಯ ನಿಮಿಷಕ್ಕೆ ರೋಗಿಯ ತಮ್ಮ ಬಾಗಿಲು ನೂಕಿ ಒಳಗೆ ಬಂದ. “ಅಣ್ಣ ಸಾಯುತ್ತಿದ್ದಾನೆ, ನೀನು ಗಡಿಯಾರ ನೋಡುತ್ತಾ ಕೂತಿದ್ದೀಯ” ಎಂದು ಕೂಗುತ್ತಾ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಬೀಸಿದ. ಮುಖಕ್ಕೆ ಬೀಳಬೇಕಾದದ್ದು ಅಡ್ಡ ಹಿಡಿದ ಎಡಗೈಗೆ ಬಿತ್ತು. ಮೂಳೆಗೆ ಏನೂ ಆಗಿಲ್ಲ; ಮೊಣಕೈಯಿಂದ ಕೆಳಗೆ ಇನ್ನೂ ನೀಲಿಗಟ್ಟಿದೆ. ನಳಿಕೆ ಕೆಳಗೆ ಬಿದ್ದು ಚೂರಾಯಿತು.

ನನ್ನನ್ನು ಈಗಲೂ ನಿದ್ದೆಯಿಂದ ಎಬ್ಬಿಸುವುದು ಆ ನಳಿಕೆ. ಮತ್ತೆ ರಕ್ತ ತೆಗೆದು ಮತ್ತೆ 20 ನಿಮಿಷ ಕಾಯಬೇಕಾಯಿತು. ಎರಡನೆಯ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಲಿಲ್ಲ. ಅಂದರೆ ವಿಷ ಏರಿತ್ತು. ತಮ್ಮನ ಏಟಿನಿಂದ ಅಣ್ಣನಿಗೆ ಹದಿನಾಲ್ಕು ನಿಮಿಷ ನಷ್ಟವಾಯಿತು. ಹತ್ತು ಸೀಸೆ ಪ್ರತಿವಿಷ ಕೊಟ್ಟು ನಸುಕಿನಲ್ಲಿ ಶಿವಮೊಗ್ಗಕ್ಕೆ ಕಳುಹಿಸಿದೆವು. ಅವರು ಚೇತರಿಸಿಕೊಳ್ಳುತ್ತಿದ್ದಾರೆ ಎಂದು ತಿಳಿಯಿತು.

ಬೆಳಿಗ್ಗೆ ದೂರು ಬರೆದುಕೊಟ್ಟೆ. ಠಾಣೆಯಲ್ಲಿ ಇಬ್ಬರನ್ನೂ ಕರೆಸಿ ಮಾತನಾಡಿಸುತ್ತೇವೆ ಎಂದು ಹಿಂಬರಹ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಊರಿನ ನಾಲ್ಕು ಜನ ಹಿರಿಯರು ಬಂದರು. ಹುಡುಗನಿಂದ ಮುಚ್ಚಳಿಕೆ ಬರೆಸುತ್ತಾರಂತೆ, ನಾನು ರಾಜಿಪತ್ರಕ್ಕೆ ಸಹಿ ಹಾಕಬೇಕಂತೆ. “ನಮ್ಮ ಕಡೆಯ ಹುಡುಗ, ಸಂಕಟದಲ್ಲಿ ಕೈಮಾಡಿದ್ದಾನೆ, ದೊಡ್ಡದು ಮಾಡಬೇಡ ತಂಗಿ” ಎಂದರು. ಆಸ್ಪತ್ರೆಯ ಮೇಲಿನವರ ಅಭಿಪ್ರಾಯವೂ ಅದೇ. ಈ ಆರು ವರ್ಷಗಳಲ್ಲಿ ನಮ್ಮ ವಿಭಾಗದಲ್ಲಿ ಹೀಗೆ ಮುಗಿದ ರಾಜಿಗಳು ನನಗೆ ನೆನಪಿರುವಂತೆ ಐದು. ಇದು ಆರನೆಯದಾಗಬೇಕೇ?


ಘಟ್ಟದ ದಾರಿ (108 ಸಿಬ್ಬಂದಿ)

ಸಿಸ್ಟರ್, ಗಾಯದ ಪ್ರಮಾಣಪತ್ರ ಮಾಡಿಸಿಕೊಂಡಿದ್ದೀರಾ? ಇಲ್ಲದಿದ್ದರೆ ನೀಲಿ ಮಾಯುವುದರೊಳಗೆ ಮಾಡಿಸಿ. ನಾನು ಮಾಡಿಸಿಕೊಳ್ಳದೆ ಕೆಟ್ಟಿದ್ದೇನೆ.

ನಮ್ಮದು ರಸ್ತೆಯ ಮೇಲಿನ ಕೆಲಸ. ವಾಹನದಲ್ಲಿ ಇರುವುದು ಇಬ್ಬರು: ಚಾಲಕ ಮತ್ತು ನಾನು. ಕರ್ನಾಟಕದಲ್ಲಿ 108 ಆರಂಭವಾದದ್ದು 2008ರಲ್ಲಿ. ಮಲೆನಾಡಿನ ಎಷ್ಟೋ ಮೂಲೆಗಳಿಗೆ ಇನ್ನೂ ಮೊಬೈಲ್ ಸಿಗ್ನಲ್ ಮುಟ್ಟಿಲ್ಲ. ಕರೆ ಮಾಡಲು ಮನೆಯವರು ಗುಡ್ಡ ಹತ್ತಬೇಕು. ಕರೆ ಸಿಗುವ ಹೊತ್ತಿಗೆ ಅರ್ಧ ಗಂಟೆ ಹೋಗಿರುತ್ತದೆ. ನಮಗೆ ಕರೆ ತಲುಪಿದ ಗಳಿಗೆಯಿಂದ ನಾವು ಲೆಕ್ಕ ಹಾಕುತ್ತೇವೆ. ಅವರು ಎದೆನೋವು ಶುರುವಾದ ಗಳಿಗೆಯಿಂದ ಹಾಕುತ್ತಾರೆ. ಎರಡೂ ಲೆಕ್ಕ ಸರಿಯೇ. ಆದರೆ ನಡುವಿನ ಅರ್ಧ ಗಂಟೆಯ ಸಿಟ್ಟು ಬೀಳುವುದು ಬಾಗಿಲು ತೆರೆದು ಇಳಿದವನ ಮೇಲೆ.

ಒಮ್ಮೆ ಅಂಗಳದಲ್ಲೇ ನನ್ನ ಕೊರಳುಪಟ್ಟಿ ಹಿಡಿದರು. ಒಳಗೆ ಜಗುಲಿಯ ಮೇಲೆ ಮುದುಕರು ಉಸಿರಿಗೆ ಒದ್ದಾಡುತ್ತಿದ್ದಾರೆ, ಆಮ್ಲಜನಕದ ಸಿಲಿಂಡರ್ ನನ್ನ ಕೈಯಲ್ಲೇ ಇದೆ, ಬಿಡುತ್ತಿಲ್ಲ. ಅಲ್ಲಿ ಕ್ಯಾಮೆರಾ ಇಲ್ಲ, ಕಾವಲುಗಾರನಿಲ್ಲ, ಸಾಕ್ಷಿ ಹೇಳಲು ಅವರ ಮನೆಯವರೇ. ಆಸ್ಪತ್ರೆಯವರಿಗಾದರೂ ಮುಚ್ಚಿಕೊಳ್ಳಲು ಒಂದು ಬಾಗಿಲಿದೆ.

ಇನ್ನೊಂದು ಮಾತು. ನನಗೆ ಬಿದ್ದ ಅತಿ ಜೋರಿನ ಏಟು ಒಬ್ಬ ಮೇಷ್ಟರದು. ಸಕ್ಕರೆ ಕಾಯಿಲೆಯವರು, ರಕ್ತದಲ್ಲಿ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಮೊದಲಿನ ಸ್ಥಿತಿ. ದವಡೆಗೆ ಗುದ್ದಿದರು. ಗ್ಲೂಕೋಸ್ ಏರಿದ ಮೇಲೆ “ಯಾಕಪ್ಪಾ ತುಟಿ ಊದಿದೆ?” ಎಂದು ಅವರೇ ಕೇಳಿದರು. ಅದಕ್ಕೆ ದೂರು ಕೊಡುವ ಯೋಚನೆ ಕನಸಿನಲ್ಲೂ ಬಂದಿಲ್ಲ. ತಲೆಗೆ ಪೆಟ್ಟಾದವರು, ಕುಡಿತ ದಿಢೀರನೆ ಬಿಟ್ಟು ಎರಡು ಮೂರು ದಿನಕ್ಕೆ ಭ್ರಮೆ ಹತ್ತಿದವರು, ಇವರೆಲ್ಲ ಹೊಡೆಯುತ್ತಾರೆ. ಅದು ರೋಗದ ಲಕ್ಷಣ. ರೋಗಿಯ ಏಟನ್ನೂ ಜೊತೆಗೆ ಬಂದವರ ಏಟನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.


ತೋಟದ ಮನೆ, ಹೊಸನಗರ

ನಾನು ಇನ್ನೊಂದು ಕಡೆಯವನು. ಆಸ್ಪತ್ರೆಯ ಗಾಜು ಒಡೆದವನು. ಬರೆಯಲು ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಅಪ್ಪಯ್ಯನಿಗೆ ಎದೆನೋವು ಬಂತು. ಊರಿನಿಂದ ಕಾರಿನಲ್ಲಿ ಹೊರಟು ಆಸ್ಪತ್ರೆ ಮುಟ್ಟಿಸುವಾಗ ದಾರಿಯಲ್ಲೇ ಎರಡು ಬಾರಿ ವಾಂತಿ ಮಾಡಿಕೊಂಡರು. ಒಳಗೆ ಕರೆದುಕೊಂಡು ಹೋದರು, ಬಾಗಿಲು ಹಾಕಿದರು. ಒಂದೂವರೆ ಗಂಟೆ. ಯಾರೂ ಹೊರಗೆ ಬಂದು ಒಂದು ಮಾತು ಹೇಳಲಿಲ್ಲ. ಬಂದವರೆಲ್ಲ ಕೈಗೆ ಚೀಟಿ ಕೊಟ್ಟು “ಔಷಧ ತನ್ನಿ” ಎಂದರು. ಮೂರು ಬಾರಿ ಓಡಿ ತಂದೆ. ಕೊನೆಯ ಚೀಟಿಯ ಔಷಧ ಹಿಡಿದು ಬಂದಾಗ “ಹೋಗಿ ಇಪ್ಪತ್ತು ನಿಮಿಷವಾಯಿತು” ಎಂದರು. ಹಾಗಾದರೆ ನನ್ನನ್ನು ಔಷಧ ತರಲು ಕಳುಹಿಸಿದ್ದು ಯಾಕೆ? ಬಾಗಿಲಿನ ಸಂದಿಯಲ್ಲಿ ನೋಡಿದಾಗ ಒಬ್ಬರು ಅಪ್ಪಯ್ಯನ ಎದೆಯ ಮೇಲೆ ಎರಡೂ ಕೈ ಊರಿ ಜೋರಾಗಿ ಒತ್ತುತ್ತಿದ್ದದ್ದು ಕಂಡಿತ್ತು. ಅದು ಏನೆಂದು ಆಗ ನನಗೆ ತಿಳಿದಿರಲಿಲ್ಲ. ಹೊಡೆಯುತ್ತಿದ್ದಾರೆ ಎಂದೇ ಅನಿಸಿತು.

ಕುರ್ಚಿ ಎತ್ತಿ ಎಸೆದೆ. ಚೀಟಿ ಬರೆಯುವ ಕೌಂಟರಿನ ಗಾಜು ಪುಡಿಯಾಯಿತು. ಮರುದಿನ ಹಿರಿಯರು ಸೇರಿ ಗಾಜಿನ ದುಡ್ಡು ಕಟ್ಟಿಸಿದರು, ಮುಚ್ಚಳಿಕೆ ಬರೆಸಿದರು. ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಗಾಜಿನ ಆ ಕಡೆ ಒಬ್ಬ ಹುಡುಗಿ ಕುಳಿತಿದ್ದಳು. ಗಾಜಿಗೆ ಬೆಲೆ ಕಟ್ಟಿದರು, ಅವಳ ಬಗ್ಗೆ ಯಾರೂ ಒಂದು ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅವಳ ಹೆಸರೂ ನನಗೆ ಗೊತ್ತಿಲ್ಲ.

ಸಿಸ್ಟರ್, ರಾಜಿ ಮಾಡಿಕೊಂಡವನಾಗಿ ಹೇಳುತ್ತೇನೆ: ರಾಜಿಯಲ್ಲಿ ನಾನು ಏನನ್ನೂ ಕಲಿಯಲಿಲ್ಲ. ಎದೆ ಒತ್ತುವುದು ಏಕೆಂದು ತಿಳಿದದ್ದು ವರ್ಷಗಳ ನಂತರ, ಮಗನ ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ಪಾಠ ಮಾಡಿದಾಗ. ಅವತ್ತು ರಾತ್ರಿ ಊಟ ಮಾಡಲಾಗಲಿಲ್ಲ.


ಕರಿಕೋಟು, ಸಾಗರ

ವಕೀಲನಾಗಿ ಕೆಲವು ವಿಷಯ ಖಚಿತಪಡಿಸುತ್ತೇನೆ, ಮೇಡಂ.

ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ಮತ್ತು ಆಸ್ಪತ್ರೆಗಳ ಆಸ್ತಿ ಹಾನಿಯನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 2009ರಿಂದಲೇ ಇದೆ. ವೈದ್ಯರಷ್ಟೇ ಅಲ್ಲ, ಶುಶ್ರೂಷಕರು, ಅರೆವೈದ್ಯಕೀಯ ಸಿಬ್ಬಂದಿ, ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳೂ ಅದರ ರಕ್ಷಣೆಯಲ್ಲಿದ್ದಾರೆ. ಆ ಕಾಯ್ದೆ ಬಂದಾಗ ಇಟ್ಟ ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ. ಅಪರಾಧ ಜಾಮೀನುರಹಿತ, ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬೇಕಾದದ್ದು. ಹಾಳಾದ ಉಪಕರಣಕ್ಕೆ ಖರೀದಿ ಬೆಲೆಯ ಎರಡು ಪಟ್ಟು ಕಟ್ಟಿಸುವ ಅವಕಾಶವೂ ಇದೆ. ನೀವು ಸರ್ಕಾರಿ ನೌಕರರಾದ್ದರಿಂದ ಕರ್ತವ್ಯಕ್ಕೆ ಅಡ್ಡಿಪಡಿಸಲು ಸರ್ಕಾರಿ ನೌಕರರನ್ನು ಗಾಯಗೊಳಿಸುವ, ಅವರ ಮೇಲೆ ಹಲ್ಲೆ ಮಾಡುವ ಅಪರಾಧಗಳ ಬಗೆಗಿನ ಭಾರತೀಯ ನ್ಯಾಯ ಸಂಹಿತೆಯ 121 ಮತ್ತು 132ನೇ ಕಲಮುಗಳೂ ಅನ್ವಯಿಸುತ್ತವೆ.

ದಾಖಲಿಸಲೇಬೇಕಾದ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ತರಬೇತಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ, ಹಲ್ಲೆಯಾದ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ದೂರು ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ ತನ್ನ ಆಸ್ಪತ್ರೆಗಳಿಗೆ ಸೂಚಿಸಿತು. ಆ ಕ್ರಮ ಎಲ್ಲ ಕಡೆಯೂ ಬರಬೇಕು. ಏಟು ತಿಂದವರೇ ಠಾಣೆಯ ಮೆಟ್ಟಿಲು ಹತ್ತಬೇಕಾದ ಸ್ಥಿತಿ ಇರುವವರೆಗೂ ಹಿರಿಯರು ಅವರ ಮನೆಗೇ ಬರುತ್ತಾರೆ.

ನೀವು ಸಹಿ ಹಾಕಬೇಕೆಂದು ಹಿರಿಯರು ಕೇಳುತ್ತಿರುವ ರಾಜಿಪತ್ರದ ಬಗ್ಗೆ: ಪಕ್ಷಗಳು ತಾವೇ ಸಂಧಾನ ಮಾಡಿಕೊಂಡು ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇದು ಇಲ್ಲ. ಆ ಕಾಗದಕ್ಕೆ ಊರಿನ ಬಲವಿದೆ, ಕಾನೂನಿನ ಬಲವಿಲ್ಲ.


ಬಿದನೂರು ಮಣ್ಣು

ವಕೀಲರೇ, ಕಾನೂನು ಹಾಗಿರಬಹುದು. ನಾನು ಕೇಳುವುದು ಬೇರೆ. ಆ ತಮ್ಮ ಯಾರು? ಅಡಿಕೆ ಕೊನೆ ಕೊಯ್ಯುವ ಕೂಲಿಯ ಹುಡುಗನೇ ಇರಬೇಕು. ಜಾಮೀನುರಹಿತ ಪ್ರಕರಣವೆಂದರೆ ಅವನ ಮನೆಯ ಒಲೆ ಆರುತ್ತದೆ. ನಾನು ಕಂಡಂತೆ ಆಸ್ಪತ್ರೆಯಲ್ಲಿ ಕೂಗಾಡಿದ ದೊಡ್ಡವರ ಮೇಲೆ ಒಂದೂ ಪ್ರಕರಣ ನಿಂತಿಲ್ಲ. ವೈದ್ಯಾಧಿಕಾರಿಯ ಮೇಜು ಗುದ್ದಿ ಏಕವಚನದಲ್ಲಿ ಬೈದವರಿಗೆ ಚಹಾ ಕೊಟ್ಟು ಕಳುಹಿಸಿದ್ದನ್ನು ನೋಡಿದ್ದೇನೆ. ಬಡವನ ಅಣ್ಣನಿಗೆ ಹಾವು ಕಚ್ಚಿದ ರಾತ್ರಿಯೇ ಕಾನೂನಿಗೆ ಎಚ್ಚರವಾಗಬೇಕೇ? ಅಕ್ಕ, ನಿಮಗೆ ಬಿದ್ದ ಏಟು ತಪ್ಪು. ಆದರೂ ಯೋಚಿಸಿ.


ಮಾಜಿ ಠಾಣೆ

ಸಹಾಯಕ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಇಂಥ ಮುಚ್ಚಳಿಕೆಗಳನ್ನು ನಾನೇ ನನ್ನ ಕೈಯಾರೆ ಬರೆಸಿದ್ದೇನೆ. ರಾತ್ರಿ ಠಾಣೆಯಲ್ಲಿ ಇರುವವರು ಇಬ್ಬರು ಮೂವರು. ಸತ್ತವರ ಮನೆಯವರು ಹೊರಗೆ ಐವತ್ತು ಜನ. ಪ್ರಕರಣ ಹಾಕಿದರೆ ಬೆಳಗಾಗುವುದರೊಳಗೆ ರಸ್ತೆತಡೆ, ಹಾಕದಿದ್ದರೆ ಒಂದು ಕಾಗದದಲ್ಲಿ ಎಲ್ಲವೂ ಶಾಂತ. ಆ ಶಾಂತಿಯ ಬೆಲೆಯನ್ನು ತೆರುತ್ತಿದ್ದವರು ಆಸ್ಪತ್ರೆಯವರು ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಈಗ ಹೇಳುತ್ತೇನೆ, ಅದು ತಪ್ಪು.

ನಮ್ಮ ಇಲಾಖೆಯ ಇನ್ನೊಂದು ಲೋಪವನ್ನೂ ಹೇಳಬೇಕು. ಕುಡಿದು ಜಗಳವಾಡಿದವರನ್ನು ವೈದ್ಯಕೀಯ ತಪಾಸಣೆಗೆ ಕರೆತಂದು ಒಳಗೆ ಬಿಟ್ಟು ನಾವು ಹೊರಗೆ ನಿಲ್ಲುತ್ತಿದ್ದೆವು. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ ಯುವ ವೈದ್ಯೆ ವಂದನಾ ದಾಸ್ ಅವರನ್ನು ಕತ್ತರಿಯಿಂದ ಇರಿದು ಕೊಂದವನು ಪೊಲೀಸರೇ ಚಿಕಿತ್ಸೆಗೆ ಕರೆತಂದಿದ್ದ ವ್ಯಕ್ತಿ. ಆ ಸುದ್ದಿ ಓದಿದ ದಿನ ನಾನು ಕರೆದೊಯ್ದು ಬಾಗಿಲಲ್ಲಿ ಬಿಟ್ಟ ಪ್ರತಿಯೊಬ್ಬನೂ ನೆನಪಾದ. ಅಮಲಿನಲ್ಲಿರುವವನನ್ನು ಕರೆತಂದ ಪೊಲೀಸ್ ಸಿಬ್ಬಂದಿ ಚಿಕಿತ್ಸೆ ಮುಗಿಯುವವರೆಗೆ ಕೈಯಳತೆಯ ದೂರದಲ್ಲಿ ನಿಲ್ಲಬೇಕು.


ಡ್ಯೂಟಿ ವೈದ್ಯೆ

ತೋಟದ ಮನೆಯವರೇ, ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ನಿಮ್ಮ ತಂದೆಯವರನ್ನು ನೋಡಿದ ವೈದ್ಯೆ ನಾನಲ್ಲ, ಆದರೆ ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಎದೆ ಒತ್ತುತ್ತಿರುವಾಗ ಹೊರಗೆ ಹೋಗಿ ಹೇಳಲು ಕೈ ಬಿಡುವಿರುವುದಿಲ್ಲ. ಪ್ರಾಣ ಹೋದ ಮೇಲೆ ಹೇಳಲು ಧೈರ್ಯ ಬರುವುದಿಲ್ಲ. ಆ ಧೈರ್ಯವನ್ನು ವೈದ್ಯಕೀಯ ಕಾಲೇಜಿನಲ್ಲಿ ನನಗೆ ಯಾರೂ ಕಲಿಸಲಿಲ್ಲ. ಹಿಂಬಾಗಿಲಿನ ಹತ್ತಿರ ನಿಂತು, ಮೊದಲು ಸಿಕ್ಕವರ ಕಿವಿಗೆ ಹೇಳಿ ಒಳಗೆ ಬಂದಿದ್ದೇನೆ. ಈಗ ಹಾಗೆ ಮಾಡುವುದಿಲ್ಲ. ಹತ್ತಿರದವರನ್ನು ಒಳಗೆ ಕರೆದು ಕೂರಿಸಿ, ನಾನೂ ಕುಳಿತು, “ತೀರಿಕೊಂಡರು” ಎಂಬ ಪದವನ್ನೇ ಬಳಸಿ ಹೇಳುತ್ತೇನೆ. ಸುತ್ತಿ ಬಳಸಿ ಹೇಳಿದರೆ ಇನ್ನೂ ಜೀವವಿದೆ ಎಂದು ಅವರು ನಂಬುತ್ತಾರೆ.

ಮುಂದಿನ ಆಸ್ಪತ್ರೆಗೆ ಬರೆದುಕೊಡುವಾಗಲೂ ಹಾಗೆಯೇ. ನಮ್ಮಲ್ಲಿ ವೆಂಟಿಲೇಟರ್ ನಡೆಸುವವರಿಲ್ಲ, ಮಿದುಳಿನ ಸ್ಕ್ಯಾನ್ ಇಲ್ಲ. ಶಿವಮೊಗ್ಗಕ್ಕೋ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಮಣಿಪಾಲಕ್ಕೋ ಕಳುಹಿಸಲೇಬೇಕು. “ಇಲ್ಲಿ ಆಗುವುದಿಲ್ಲ” ಎಂದಷ್ಟೇ ಹೇಳಿದರೆ ಕೈಬಿಟ್ಟರು ಎಂದು ಕೇಳಿಸುತ್ತದೆ. ಇಲ್ಲಿ ಏನು ಕೊಟ್ಟಿದ್ದೇವೆ, ಅಲ್ಲಿ ಏನು ಬೇಕು, ದಾರಿಯಲ್ಲಿ ಏನಾಗಬಹುದು, ಇವಿಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಮಳೆಗಾಲದ ರಾತ್ರಿ ಆ ಎರಡು ನಿಮಿಷ ಸಿಗುವುದೇ ಕಷ್ಟ, ಅದಕ್ಕೇ ಹೇಳುವುದಕ್ಕೆಂದೇ ಒಬ್ಬರು ಬೇಕು. ಬಂದೂಕು ಹಿಡಿದ ಕಾವಲುಗಾರನಿಗಿಂತ ಮೊದಲು ನನಗೆ ಬೇಕಾದದ್ದು ಹದಿನೈದು ನಿಮಿಷಕ್ಕೊಮ್ಮೆ ಬಾಗಿಲ ಹೊರಗೆ ಹೋಗಿ ಮಾತನಾಡುವ ಒಬ್ಬ ಸಿಬ್ಬಂದಿ.

ಆದರೆ ರಾತ್ರಿಪಾಳಿಯವರೇ, ಮಾತಿನ ಕೊರತೆ ಹೊಡೆಯುವುದಕ್ಕೆ ಪರವಾನಗಿಯಾಗುವುದಿಲ್ಲ. ಆರೋಗ್ಯ ಸಿಬ್ಬಂದಿಯಲ್ಲಿ ಶೇಕಡಾ 8ರಿಂದ 38ರಷ್ಟು ಜನ ವೃತ್ತಿಜೀವನದಲ್ಲಿ ಒಮ್ಮೆಯಾದರೂ ಮೈಮೇಲಿನ ಹಲ್ಲೆ ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಹೇಳಿದ ಐದು ರಾಜಿಗಳಂಥವು ಯಾವ ಲೆಕ್ಕಕ್ಕೆ ಸೇರಿರುತ್ತವೆ? ದೂರು ದಾಖಲಾಗದಿದ್ದರೆ ಹೆಚ್ಚುವರಿ ಸಿಬ್ಬಂದಿ ಬೇಕೆಂದು ನಾವು ಕೇಳುವಾಗ “ನಿಮ್ಮಲ್ಲಿ ಏನೂ ನಡೆದಿಲ್ಲವಲ್ಲ” ಎಂಬ ಉತ್ತರ ಬರುತ್ತದೆ. ನನಗೆ ಬಂದಿದೆ.


ರಾತ್ರಿಪಾಳಿ

ಎಲ್ಲರ ಮಾತನ್ನೂ ಓದಿದೆ. ಬಿದನೂರಿನವರೇ, ಹೌದು, ಅವನು ಕೊನೆ ಕೊಯ್ಯುವ ಹುಡುಗ. ಇಪ್ಪತ್ತೆರಡು ವರ್ಷ. ನಿಮ್ಮ ಪ್ರಶ್ನೆ ನನ್ನನ್ನು ಎರಡು ರಾತ್ರಿ ಕಾಡಿತು. ಆದರೆ ರಾಜಿಗೆ ಬಂದ ನಾಲ್ವರಲ್ಲಿ ಒಬ್ಬರೂ ಅವನ ಅಣ್ಣನ ಸ್ಥಿತಿ ಕೇಳಲಿಲ್ಲ. ಶಿವಮೊಗ್ಗದ ಖರ್ಚಿಗೆ ಆ ಮನೆಗೆ ಏನಾದರೂ ಬೇಕೇ ಎಂದು ವಿಚಾರಿಸಲಿಲ್ಲ. ಹುಡುಗನನ್ನು ಕರೆತರಲೂ ಇಲ್ಲ. ಅವರಿಗೆ ಬೇಕಾದದ್ದು ಸದ್ದಡಗುವುದು. ನನ್ನ ಸಹಿಯಿಂದ ಬಡವನಿಗೆ ಉಪಕಾರವಾಗುತ್ತದೆ ಎನ್ನುವುದಾದರೆ ಹಿಂದಿನ ಐದು ರಾಜಿಗಳಲ್ಲಿ ಮೂರು ಅಂಗಡಿ, ತೋಟ, ಕಾರು ಇರುವವರವು. ಅವರಿಗೆ ಉಪಕಾರ ಮಾಡಿ ಮಾಡಿಯೇ ಈ ಹುಡುಗನಿಗೂ ಆಸ್ಪತ್ರೆಯಲ್ಲಿ ಕೈ ಎತ್ತಬಹುದು ಎಂಬುದನ್ನು ನಾವು ಕಲಿಸಿದೆವು.

ಸಹಿ ಹಾಕಲಿಲ್ಲ. ವಕೀಲರು ಹೇಳಿದಂತೆ ದೂರಿನ ಪ್ರತಿಯನ್ನು ವರಿಷ್ಠಾಧಿಕಾರಿಯವರಿಗೆ ಅಂಚೆಯಲ್ಲಿ ಕಳುಹಿಸುವುದಾಗಿ ಠಾಣೆಯಲ್ಲಿ ತಿಳಿಸಿದೆ. ಅಂದು ಸಂಜೆಯೇ ಎಫ್‌ಐಆರ್ ಆಯಿತು. ನನ್ನ ಹೇಳಿಕೆಯಲ್ಲಿ ನಡೆದದ್ದನ್ನಷ್ಟೇ ಬರೆಸಿದ್ದೇನೆ: ಅವನು ಕುಡಿದಿರಲಿಲ್ಲ, ಒಂದೇ ಏಟು, ನಳಿಕೆ ಒಡೆದದ್ದು ನೋಡಿ ನಿಂತುಬಿಟ್ಟ. ಹದಿನಾಲ್ಕು ನಿಮಿಷ ಹೊರಗೆ ಯಾರೂ ಅವನಿಗೆ ಏನೂ ಹೇಳಿರಲಿಲ್ಲ ಎಂಬುದನ್ನೂ ಬರೆಸಿದ್ದೇನೆ. ಅದು ನಿಜ. ನ್ಯಾಯಾಲಯ ಎರಡನ್ನೂ ನೋಡಲಿ.

ನಮ್ಮ ಆಡಳಿತ ವೈದ್ಯಾಧಿಕಾರಿಗಳಿಗೆ ಬರವಣಿಗೆಯಲ್ಲಿ ಮೂರು ಕೋರಿಕೆ ಕೊಟ್ಟಿದ್ದೇನೆ. ರಾತ್ರಿ ಪಾಳಿಗೆ ಹೊರಗೆ ಮಾತನಾಡುವ ಒಬ್ಬರು, ತುರ್ತು ಕೋಣೆಗೆ ಒಳಗಿನಿಂದ ಹಾಕುವ ಚಿಲಕ, ಮುಂದಿನ ದೂರು ಆಸ್ಪತ್ರೆಯ ಹೆಸರಿನಲ್ಲೇ ಹೋಗಬೇಕು ಎಂಬುದು. ಚಿಲಕಕ್ಕೆ ಒಪ್ಪಿಗೆ ಸಿಕ್ಕಿದೆ.

ಉಳಿದದ್ದು ಬರುವವರೆಗೆ ನನ್ನ ಕೈಲಾದದ್ದು ಒಂದು ಹಲಗೆ. ಗಡಿಯಾರದ ಕೆಳಗೆ, ಹೊರಗೆ ಕಾಯುವವರಿಗೆ ಕಾಣುವಂತೆ ತೂಗುಹಾಕುತ್ತೇನೆ. ಇವತ್ತು ರಾತ್ರಿ ಪಾಳಿಗೆ ಹೋಗುವ ಮೊದಲು ಬರೆಯಬೇಕು. ಪದಗಳು ಎಲ್ಲರಿಗೂ ತಿಳಿಯುವಂತಿವೆಯೇ ನೋಡಿ:

“ಹಾವು ಕಚ್ಚಿದವರ ರಕ್ತವನ್ನು ಗಾಜಿನ ನಳಿಕೆಯಲ್ಲಿ ಪರೀಕ್ಷೆಗೆ ಇಡಲಾಗಿದೆ. ಪ್ರಾರಂಭವಾದ ವೇಳೆ: ____. 20 ನಿಮಿಷದ ನಂತರ ಫಲಿತಾಂಶ ತಿಳಿಯುತ್ತದೆ. ಅಲ್ಲಿಯವರೆಗೆ ಸಹಕರಿಸಿ.”


ತೋಟದ ಮನೆ, ಹೊಸನಗರ

ಸಿಸ್ಟರ್, “ಸಹಕರಿಸಿ” ತೆಗೆಯಿರಿ. ಹೊರಗೆ ನಿಂತವನಿಗೆ ಆ ಪದ ಸರ್ಕಾರಿ ಕಚೇರಿಯ ಗೋಡೆಯ ಮೇಲಿನದಾಗಿ ಕೇಳಿಸುತ್ತದೆ. “ಫಲಿತಾಂಶ” ಎನ್ನುವ ಕಡೆ “ವಿಷ ಏರಿದೆಯೇ ಎಂದು ಗೊತ್ತಾಗುತ್ತದೆ” ಎಂದು ಬರೆಯಿರಿ. ಕೊನೆಯಲ್ಲಿ “ನಿಮ್ಮವರ ಪಕ್ಕದಲ್ಲೇ ಒಬ್ಬರು ಕುಳಿತಿದ್ದಾರೆ” ಎಂದು ಸೇರಿಸಿ. ನನಗೆ ಅವತ್ತು ತಿಳಿಯಬೇಕಾಗಿದ್ದದ್ದು ಅದೊಂದೇ.


ರಾತ್ರಿಪಾಳಿ

ಸೇರಿಸಿದೆ.